ಮಾಸ್ಟರ್ ರಾಮಚಂದ್ರರ ತರಗತಿ

1835ರ ಫೆಬ್ರವರಿಯಲ್ಲಿ ಮೆಕಾಲೆ ಬರೆದ ಶಿಕ್ಷಣ ಟಿಪ್ಪಣಿಯನ್ನು ನಾವು ಸಾಮಾನ್ಯವಾಗಿ ಅದರ ದರ್ಪಕ್ಕಾಗಿ ನೆನೆಯುತ್ತೇವೆ. ಅದರೊಳಗೆ ಅಷ್ಟಾಗಿ ಚರ್ಚೆಗೆ ಬಾರದ ಇನ್ನೊಂದು ವಾದವಿದೆ. ಸಂಸ್ಕೃತ, ಅರಬ್ಬಿ ಓದುವ ಹುಡುಗರಿಗೆ ಸರ್ಕಾರ ತಿಂಗಳು ತಿಂಗಳು ಮಾಸಾಶನ ಕೊಡಬೇಕಾಗಿದೆ. ಇಂಗ್ಲಿಷ್ ಕಲಿಯುವವರಾದರೋ ತಾವೇ ಹಣ ತೆರಲು ಸಿದ್ಧರಿದ್ದಾರೆ. ಹಸಿದವನಿಗೆ ಉಣ್ಣಲೆಂದು ಯಾರೂ ಕೂಲಿ ಕೊಡುವುದಿಲ್ಲ. ಆದ್ದರಿಂದ ಕೂಲಿ ಕೊಟ್ಟು ಕಲಿಸಬೇಕಾದ ವಿದ್ಯೆಯಲ್ಲಿ ರುಚಿಯೂ ಇಲ್ಲ, ಲಾಭವೂ ಇಲ್ಲ. ಇದು ಅವನ ತರ್ಕದ ಸಾರ.

ಭಾಷೆಯ ರಾಜಕಾರಣವನ್ನು ಕ್ಷಣಕಾಲ ಬದಿಗಿಟ್ಟು ನೋಡಿದರೆ, ಇದು ತರಗತಿಯಲ್ಲಿ ನಿಂತ ಯಾವ ಅಧ್ಯಾಪಕನೂ ತಪ್ಪಿಸಿಕೊಳ್ಳಲಾಗದ ಪ್ರಶ್ನೆ. ಹುಡುಗರಿಗೆ ಕಲಿಯುವ ಮನಸ್ಸು ಎಲ್ಲಿಂದ ಬರುತ್ತದೆ? ಹಣದಿಂದಲೋ, ಹುದ್ದೆಯ ಆಸೆಯಿಂದಲೋ, ಅಥವಾ ಮತ್ತಾವುದರಿಂದಲೋ? ಮೆಕಾಲೆ ತನ್ನ ಉತ್ತರವನ್ನು ಕಲ್ಕತ್ತೆಯಲ್ಲಿ ಕುಳಿತು ಬರೆದ. ಮುಂದಿನ ಹತ್ತು ವರ್ಷಗಳಲ್ಲಿ ದೆಹಲಿಯ ಒಂದು ಕಾಲೇಜಿನಲ್ಲಿ ಆ ಪ್ರಶ್ನೆಗೆ ಬೇರೊಂದು ಉತ್ತರ ಮೂಡತೊಡಗಿತು.

ಆ ಕಾಲೇಜು ಹುಟ್ಟಿದ್ದು ಅಜ್ಮೇರಿ ದರವಾಜೆಯ ಹೊರಗಿನ ಒಂದು ಮದರಸಾದಲ್ಲಿ. ಅದನ್ನು ಕಟ್ಟಿಸಿದ ಗಾಜಿಉದ್ದೀನ್ ಖಾನ್ ಫಿರೋಜ್ ಜಂಗ್ ಔರಂಗಜೇಬನ ಸೇನಾನಿ. 1686ರಲ್ಲಿ ನಮ್ಮ ಬಿಜಾಪುರದ ಆದಿಲ್‌ಶಾಹಿಯನ್ನು ಕೊನೆಗಾಣಿಸಿದ ಮುತ್ತಿಗೆಯಲ್ಲಿ ಮೊಗಲರ ಪರ ಹೋರಾಡಿದವನು. ಹೈದರಾಬಾದಿನ ಮೊದಲ ನಿಜಾಮನ ತಂದೆ. 1710ರಲ್ಲಿ ತೀರಿಕೊಂಡ ಅವನ ಸಮಾಧಿಯೂ ಆ ಅಂಗಳದಲ್ಲೇ ಇದೆ. ನವದೆಹಲಿ ರೈಲು ನಿಲ್ದಾಣದ ಅಜ್ಮೇರಿ ಗೇಟ್ ಬದಿಯಿಂದ ಹೊರಬಂದರೆ ನಡೆದೇ ತಲುಪಬಹುದಾದ ಆ ಕೆಂಪು ಕಲ್ಲಿನ ಕಟ್ಟಡಗಳಲ್ಲಿ ಇಂದಿಗೂ ಆಂಗ್ಲೋ ಅರೇಬಿಕ್ ಶಾಲೆ ನಡೆಯುತ್ತಿದೆ.

1825ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಸರ್ಕಾರ ಈ ಮದರಸಾವನ್ನು ದೆಹಲಿ ಕಾಲೇಜಾಗಿ ಪರಿವರ್ತಿಸಿತು. ಅರಬ್ಬಿ, ಪಾರ್ಸಿ, ಸಂಸ್ಕೃತ ಪಾಠಗಳಿಗೆ ವ್ಯವಸ್ಥೆಯಾಯಿತು. 1828ರಲ್ಲಿ ಇಂಗ್ಲಿಷ್ ವಿಭಾಗ ಸೇರಿತು. ಊರಿನ ಹಿಂದೂಗಳೂ ಮುಸಲ್ಮಾನರೂ ಅದನ್ನು ಅನುಮಾನದ ಕಣ್ಣಿನಿಂದಲೇ ನೋಡಿದರು. ಮರುವರ್ಷ ಅವಧದ ಮಂತ್ರಿಯಾಗಿದ್ದ ನವಾಬ್ ಇತಿಮಾದುದ್ದೌಲಾ ತನ್ನ ಹುಟ್ಟೂರಿನ ವಿದ್ಯೆಗೆಂದು 1,70,000 ರೂಪಾಯಿಗಳನ್ನು ಕೊಟ್ಟ. ಆ ಕಾಲಕ್ಕೆ ಅದು ದೊಡ್ಡ ಮೊತ್ತ. ಪ್ರಾಚ್ಯ ವಿದ್ಯೆಗೆಂದು ಬಂದ ಆ ದತ್ತಿಯ ಬಳಕೆಯ ಬಗ್ಗೆ ಮುಂದೆ ಬಹಳ ವಾಗ್ವಾದವೂ ನಡೆಯಿತು.

ವಿದ್ಯಾರ್ಥಿಗಳಿಗೆ ಮಾಸಾಶನವಿತ್ತು. ಮೆಕಾಲೆಯ ಟಿಪ್ಪಣಿಯ ಬೆನ್ನಿಗೇ 1835ರ ಮಾರ್ಚಿಯಲ್ಲಿ ಬೆಂಟಿಂಕನ ನಿರ್ಣಯ ಹೊರಬಿದ್ದು, ಹೊಸಬರಿಗೆ ಮಾಸಾಶನ ನಿಂತಿತು. ಪ್ರಾಚ್ಯ ವಿಭಾಗದ ಹುಡುಗರ ಸಂಖ್ಯೆ ಕುಸಿಯಿತು. ಮೆಕಾಲೆಯ ಮಾತೇ ನಿಜವಾಯಿತೆಂದು ಕೆಲವರಿಗೆ ಅನ್ನಿಸಿರಬೇಕು. ಆದರೆ 1839ರಲ್ಲಿ ಆಕ್ಲೆಂಡ್ ಪ್ರಭುವಿನ ಟಿಪ್ಪಣಿ ಬಂದು, ಸ್ಪರ್ಧೆಯ ಮೂಲಕ ಗೆಲ್ಲಬೇಕಾದ ವಿದ್ಯಾರ್ಥಿವೇತನದ ರೂಪದಲ್ಲಿ ಆ ನೆರವು ಮತ್ತೆ ಬಾಗಿಲು ತೆರೆಯಿತು. ಆ ಬಾಗಿಲಿನಿಂದ ಒಳಬಂದವರಲ್ಲಿ ಒಬ್ಬ ರಾಮಚಂದ್ರ.

ರಾಮಚಂದ್ರ ಹುಟ್ಟಿದ್ದು 1821ರಲ್ಲಿ, ಪಾಣಿಪತ್ತಿನಲ್ಲಿ, ಕಾಯಸ್ಥ ಕುಟುಂಬವೊಂದರಲ್ಲಿ. ತಂದೆ ಸುಂದರ್ ಲಾಲ್ ಕಂದಾಯ ಇಲಾಖೆಯ ನೌಕರ. ಹುಡುಗನಿಗೆ ಹತ್ತು ವರ್ಷವಾಗುವಷ್ಟರಲ್ಲಿ ತೀರಿಕೊಂಡ. ಆರು ಗಂಡುಮಕ್ಕಳನ್ನು ಸಾಕುವ ಹೊಣೆ ತಾಯಿಯ ಮೇಲೆ ಬಿತ್ತು. ಹನ್ನೊಂದರ ವಯಸ್ಸಿನಲ್ಲಿ ಮದುವೆಯೂ ಆಯಿತು. ಹುಡುಗಿ ಕಿವುಡಿ, ಮೂಕಿ ಎಂಬುದು ತಿಳಿದದ್ದು ಆಮೇಲೆ. 1833ರಲ್ಲಿ ಇಂಗ್ಲಿಷ್ ಶಾಲೆಗೆ ಸೇರಿದ. ಅಲ್ಲಿ ಆಗ ಗಣಿತದ ಪಾಠವೇ ಇರಲಿಲ್ಲ. ಅದನ್ನು ಮನೆಯಲ್ಲಿ ಪುಸ್ತಕ ಹಿಡಿದು ತಾನೇ ಕಲಿತ. ಸಂಸಾರದ ಒತ್ತಡಕ್ಕೆ ಓದು ಬಿಟ್ಟು ಕೆಲಕಾಲ ಗುಮಾಸ್ತೆಯ ಕೆಲಸ ಮಾಡಿದ. 1841ರಲ್ಲಿ ಪರೀಕ್ಷೆಯಲ್ಲಿ ಗೆದ್ದು ತಿಂಗಳಿಗೆ 30 ರೂಪಾಯಿಯ ವಿದ್ಯಾರ್ಥಿವೇತನ ಪಡೆದು ಮತ್ತೆ ತರಗತಿಗೆ ಬಂದ.

ಮೆಕಾಲೆಯ ತರ್ಕ ಎಲ್ಲಿ ಕುಂಟುತ್ತದೆ ಎಂಬುದಕ್ಕೆ ಈ 30 ರೂಪಾಯಿ ಸಾಕ್ಷಿ. ಹಸಿದವನು ಉಣ್ಣಲು ಕೂಲಿ ಕೇಳುವುದಿಲ್ಲ, ನಿಜ. ಆದರೆ ಮನೆಯಲ್ಲಿ ಅನ್ನವಿಲ್ಲದವನು ಪುಸ್ತಕದ ಹಸಿವನ್ನು ಮುಂದೂಡಬೇಕಾಗುತ್ತದೆ. ರಾಮಚಂದ್ರನ ಗಣಿತದಾಹ ಆ ಹಣದಿಂದ ಹುಟ್ಟಿದ್ದಲ್ಲ, ಅದಕ್ಕೂ ಮೊದಲೇ ಇತ್ತು. ಹಣ ಅದನ್ನು ಉಳಿಸಿತು. ಇವೆರಡರ ನಡುವಿನ ವ್ಯತ್ಯಾಸವನ್ನು ಹಸಿವನ್ನು ಉಪಮೆಯಾಗಿ ಮಾತ್ರ ಬಲ್ಲವರು ಕಾಣುವುದು ಕಷ್ಟ.

ಈ ಹೊತ್ತಿಗೆ ಕಾಲೇಜಿನ ಪ್ರಾಂಶುಪಾಲನಾಗಿದ್ದವನು ಫೆಲಿಕ್ಸ್ ಬುತ್ರೋ ಎಂಬ ಫ್ರೆಂಚ್ ಮನುಷ್ಯ. ಇಂಗ್ಲಿಷು ಅವನಿಗೂ ಪರಭಾಷೆ ಎಂಬುದು ಇಲ್ಲಿ ಅಪ್ರಸ್ತುತವಲ್ಲ. ಪ್ರಾಚ್ಯ ವಿಭಾಗದ ಹುಡುಗರಿಗೆ ಯುರೋಪಿನ ವಿಜ್ಞಾನವನ್ನು ಅವರು ಮನೆಯಲ್ಲಿ ಆಡುವ ಉರ್ದುವಿನಲ್ಲೇ ಕಲಿಸಬೇಕೆಂದು ಅವನು ಹಟ ಹಿಡಿದ. ಕಲಿಸಲು ಪುಸ್ತಕಗಳಿರಲಿಲ್ಲ. ಅದಕ್ಕಾಗಿ ದೇಶಭಾಷಾ ಅನುವಾದ ಸಂಘ ಹುಟ್ಟಿತು. ಬೀಜಗಣಿತ, ತ್ರಿಕೋನಮಿತಿ, ಖಗೋಳ, ಭೌತಶಾಸ್ತ್ರ, ರಸಾಯನ, ಅರ್ಥಶಾಸ್ತ್ರ, ಇತಿಹಾಸ, ಕಾನೂನು ಎಂದು ಕೆಲವೇ ವರ್ಷಗಳಲ್ಲಿ ನೂರಕ್ಕೂ ಹೆಚ್ಚು ಪುಸ್ತಕಗಳು ಉರ್ದುವಿಗೆ ಬಂದವು. ಅನುವಾದಕರು ಬಹುಪಾಲು ಅಲ್ಲಿನ ಅಧ್ಯಾಪಕರು ಮತ್ತು ಮೇಲಿನ ತರಗತಿಯ ವಿದ್ಯಾರ್ಥಿಗಳು. ಅಂದರೆ ಪಾಠ ಕೇಳುವವನೇ ಪಠ್ಯವನ್ನು ಕಟ್ಟುವವನೂ ಆಗಿದ್ದ. ಇದಕ್ಕಿಂತ ದೊಡ್ಡ ಪ್ರೇರಣೆಯನ್ನು ಯಾವ ಬಹುಮಾನವೂ ಕೊಡಲಾರದೆಂದು ನನ್ನ ಅನಿಸಿಕೆ.

ಸಂಘದ ಅನುವಾದ ನಿಯಮಗಳು ಕನ್ನಡದಲ್ಲಿ ವಿಜ್ಞಾನ ಬರೆಯುವವರಿಗೆ ಇಂದಿಗೂ ಓದಲು ತಕ್ಕವು. ಸೋಡಿಯಂ, ಪೊಟಾಸಿಯಂ, ಕ್ಲೋರಿನ್ ಮುಂತಾದವುಗಳಿಗೆ ಉರ್ದುವಿನಲ್ಲಿ ಹೆಸರಿಲ್ಲವೆಂದಾದರೆ ಆ ಹೆಸರುಗಳನ್ನೇ ಇಟ್ಟುಕೊಳ್ಳುವುದು. ಒಪ್ಪುವ ಮಾತು ಆಗಲೇ ಬಳಕೆಯಲ್ಲಿದ್ದರೆ ಅದನ್ನು ಬಿಟ್ಟು ಹೊಸದನ್ನು ಹುಡುಕದಿರುವುದು. ಅರಬ್ಬಿಯ ಬೊಕ್ಕಸದಿಂದ ಯಾರಿಗೂ ತಿಳಿಯದ ಪದಗಳನ್ನು ಎತ್ತಿ ತಂದು ಪಾಂಡಿತ್ಯ ಮೆರೆಯುವುದು ಅವರಿಗೆ ಬೇಕಿರಲಿಲ್ಲ. ನಮ್ಮಲ್ಲಿ ಜಲಜನಕವೋ ಹೈಡ್ರೋಜನ್ನೋ ಎಂಬ ಜಗಳ ಆರಂಭವಾಗುವುದಕ್ಕೆ ಎಷ್ಟೋ ಮೊದಲೇ ದೆಹಲಿಯ ಒಂದು ಕೊಠಡಿಯಲ್ಲಿ ಆ ಜಗಳ ತೀರಿಹೋಗಿತ್ತು.

1844ರಲ್ಲಿ ರಾಮಚಂದ್ರರು ತಿಂಗಳಿಗೆ 50 ರೂಪಾಯಿ ಸಂಬಳದ ಮೇಲೆ ಪ್ರಾಚ್ಯ ವಿಭಾಗಕ್ಕೆ ಯುರೋಪಿಯನ್ ವಿಜ್ಞಾನದ ಅಧ್ಯಾಪಕರಾದರು. ಕಾಲೇಜು ಆ ದಶಕದಲ್ಲಿ ಅಜ್ಮೇರಿ ದರವಾಜೆಯಿಂದ ಕಾಶ್ಮೀರಿ ದರವಾಜೆಯ ಬಳಿಗೆ, ಹಿಂದೊಮ್ಮೆ ದಾರಾ ಶಿಕೋಹನ ಗ್ರಂಥಾಲಯವಾಗಿದ್ದ ಕಟ್ಟಡಕ್ಕೆ ಸ್ಥಳಾಂತರಗೊಂಡಿತ್ತು. ಉಪನಿಷತ್ತುಗಳನ್ನು ಪಾರ್ಸಿಗೆ ತರಿಸಿದ ರಾಜಕುಮಾರನ ಆ ಮನೆಯಲ್ಲಿ ಈಗ ಭೂಮಿ ಸೂರ್ಯನನ್ನು ಸುತ್ತುವ ಸಂಗತಿ ಉರ್ದುವಿಗೆ ಬರುತ್ತಿತ್ತು.

ಆ ತರಗತಿ ಹೇಗಿತ್ತೆಂಬುದನ್ನು ರಾಮಚಂದ್ರರೇ ತಮ್ಮ ಸಂಕ್ಷಿಪ್ತ ಆತ್ಮವೃತ್ತಾಂತದಲ್ಲಿ ಹೇಳಿದ್ದಾರೆ. ಅರಬ್ಬಿಯ ಮೂಲಕ ಕಲಿಸುತ್ತಿದ್ದ ಹಳೆಯ ತತ್ತ್ವಶಾಸ್ತ್ರ, ಪ್ರಯೋಗವನ್ನು ನಂಬಿದ ಹೊಸ ವಿಜ್ಞಾನದ ಮುಂದೆ ಮಂಕಾಯಿತು. ಭೂಮಿಯೇ ವಿಶ್ವದ ಅಚಲ ಕೇಂದ್ರವೆಂಬ ಮಾತನ್ನು ಕೇಳಿ ಇಂಗ್ಲಿಷ್ ವಿಭಾಗದವರಂತೆಯೇ ಪ್ರಾಚ್ಯ ವಿಭಾಗದ ಹಿರಿಯ ವಿದ್ಯಾರ್ಥಿಗಳೂ ನಗತೊಡಗಿದರು. ಊರಿನ ವಿದ್ವಾಂಸರಿಗೆ ಇದು ಹಿಡಿಸಲಿಲ್ಲ. ಗಮನಿಸಬೇಕಾದದ್ದೇನೆಂದರೆ, ಹೀಗೆ ನಕ್ಕವರು ಇಂಗ್ಲಿಷ್ ಬಾರದ, ಅರಬ್ಬಿ ಪಾರ್ಸಿಗಳಲ್ಲಿ ಬೆಳೆದ ಹುಡುಗರು. ಅವರಿಗೆ ಪ್ಟಾಲೆಮಿಯ ವಾದ ಗೊತ್ತಿತ್ತು. ಆದ್ದರಿಂದಲೇ ಕೋಪರ್ನಿಕಸನ ವಾದದ ಸೊಗಸೂ ತಿಳಿಯಿತು. ಹಳೆಯದನ್ನು ಬಲ್ಲವನಿಗೆ ಮಾತ್ರ ಹೊಸತು ಹೊಸತಾಗಿ ಕಾಣುತ್ತದೆ.

ತರಗತಿಯ ಗೋಡೆಗಳು ಅವರಿಗೆ ಸಾಲಲಿಲ್ಲ. 1845ರಲ್ಲಿ 'ಫವಾಯಿದುನ್ನಾಜಿರೀನ್' ಎಂಬ ಪಾಕ್ಷಿಕವನ್ನೂ 1847ರಲ್ಲಿ ಮುಂದೆ 'ಮುಹಿಬ್ಬೆ ಹಿಂದ್' ಎಂದು ಹೆಸರಾದ ಮಾಸಿಕವನ್ನೂ ಆರಂಭಿಸಿದರು. ವಿಜ್ಞಾನ, ಇತಿಹಾಸ, ಮಹಾಪುರುಷರ ಜೀವನ, ಸಮಾಜದ ದೋಷಗಳು ಎಲ್ಲವೂ ಅವುಗಳಲ್ಲಿ ಸರಳ ಉರ್ದುವಿನಲ್ಲಿ ಬಂದವು. ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರರೂ ಕನ್ನಡದಲ್ಲಿ 'ವಿಜ್ಞಾನ' ಮಾಸಪತ್ರಿಕೆಯನ್ನು ಹೊರಡಿಸಿದ್ದು 1918ರಲ್ಲಿ ಎಂಬುದನ್ನು ನೆನೆದರೆ ಈ ಪ್ರಯತ್ನ ಎಷ್ಟು ಮುಂಚಿನದೆಂಬುದು ಮನಸ್ಸಿಗೆ ಬರುತ್ತದೆ.

ಆದರೆ ರಾಮಚಂದ್ರರ ಮುಖ್ಯ ಚಿಂತನೆ ಗಣಿತದ ಬೋಧನೆಯದು. ಹಿಂದೂಸ್ತಾನದ ಹುಡುಗನಿಗೆ ಕಲನಶಾಸ್ತ್ರ ಏಕೆ ಒಗ್ಗುವುದಿಲ್ಲ? ಅವನ ಬುದ್ಧಿ ಮಂದವೆಂದಲ್ಲ. ಅದಕ್ಕೆ ಹೋಗುವ ದಾರಿ ಅವನಿಗೆ ಪರಕೀಯವೆಂದು. ಯುರೋಪಿನ ಗಣಿತ ರೇಖಾಗಣಿತದ ಅಂಗಳದಲ್ಲಿ ಬೆಳೆದದ್ದು. ಈ ದೇಶದ ಒಲವಾದರೋ ಬೀಜಗಣಿತದ ಕಡೆಗೆ. ಭಾಸ್ಕರಾಚಾರ್ಯನ 'ಬೀಜಗಣಿತ' ಅದಕ್ಕೆ ಸಾಕ್ಷಿ. ಹಾಗಿದ್ದಲ್ಲಿ, ಆ ಒಲವನ್ನೇ ಹಿಡಿದು ಹೊರಟು ಯುರೋಪಿನ ಹೊಸ ಗಣಿತದವರೆಗೆ ಯಾಕೆ ಹೋಗಬಾರದು?

ಕನ್ನಡ ಓದುಗರಿಗೆ ಈ ಮಾತು ಅಪರಿಚಿತವಾಗಬಾರದು. ಭಾಸ್ಕರನ ಊರು ವಿಜ್ಜಡವಿಡ ನಮ್ಮ ವಿಜಯಪುರವೇ ಅಥವಾ ಮಹಾರಾಷ್ಟ್ರದ ಕಡೆಯದೇ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಆದರೆ ಅವನಿಗಿಂತ ಮೂರು ಶತಮಾನ ಮೊದಲೇ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ' ಬರೆದದ್ದೂ, ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯ 'ವ್ಯವಹಾರಗಣಿತ'ವನ್ನು ಕನ್ನಡದಲ್ಲೇ ರಚಿಸಿದ್ದೂ ನಿರ್ವಿವಾದ. ಈ ಗ್ರಂಥಗಳ ಪರಂಪರೆಯಲ್ಲಿ ಲೆಕ್ಕವೆಂಬುದು ಹೂವಿಗೆ ಹಾರಿದ ದುಂಬಿಗಳಾಗಿ, ಹರಿದು ಚೆಲ್ಲಿದ ಮುತ್ತಿನ ಹಾರವಾಗಿ ಬರುತ್ತದೆ. ಮೊದಲು ಕುತೂಹಲ, ಆಮೇಲೆ ಸೂತ್ರ. ರಾಮಚಂದ್ರರು ನೆಚ್ಚಿದ್ದು ಈ ಗುಣವನ್ನೇ.

ಅವರ ವಿಧಾನವನ್ನು ಒಂದು ಸಣ್ಣ ಲೆಕ್ಕದಿಂದ ವಿವರಿಸಬಹುದು. ಹತ್ತನ್ನು ಎರಡು ಭಾಗ ಮಾಡಬೇಕು. ಭಾಗಗಳ ಗುಣಲಬ್ಧ ಸಾಧ್ಯವಾದಷ್ಟು ದೊಡ್ಡದಾಗಬೇಕು. ನ್ಯೂಟನ್ನನ ದಾರಿಯಲ್ಲಿ ಹೋಗುವವನು ಅವಕಲನ ಮಾಡಿ ಸೊನ್ನೆಗೆ ಸಮೀಕರಿಸುತ್ತಾನೆ. ಅದಕ್ಕೆ ಮೊದಲು ಅವನು ಅತಿಸೂಕ್ಷ್ಮ ಬದಲಾವಣೆಯ ಕಲ್ಪನೆಯನ್ನು ಅರಗಿಸಿಕೊಂಡಿರಬೇಕು. ರಾಮಚಂದ್ರರು ಹೀಗೆನ್ನುತ್ತಾರೆ: ಒಂದು ಭಾಗ ಕ್ಷ ಇರಲಿ, ಇನ್ನೊಂದು ಹತ್ತರಲ್ಲಿ ಕ್ಷ ಕಳೆದದ್ದು, ಗುಣಲಬ್ಧವನ್ನು ಗ ಎನ್ನೋಣ. ಈಗ ಕೈಯಲ್ಲಿರುವುದು ಸಾಧಾರಣ ವರ್ಗ ಸಮೀಕರಣ. ಬಿಡಿಸಿದರೆ ಕ್ಷ ಎಂದರೆ ಐದು, ಅದಕ್ಕೆ 25ರಲ್ಲಿ ಗ ಕಳೆದುಳಿದುದರ ವರ್ಗಮೂಲವನ್ನು ಕೂಡಬೇಕು ಇಲ್ಲವೆ ಕಳೆಯಬೇಕು. ಗ 25ನ್ನು ಮೀರಿದರೆ ಋಣಸಂಖ್ಯೆಯ ವರ್ಗಮೂಲ ತೆಗೆಯಬೇಕಾಗುತ್ತದೆ. ಅದು ವಾಸ್ತವ ಸಂಖ್ಯೆಗಳಲ್ಲಿ ಆಗದ ಮಾತು. ಆದ್ದರಿಂದ ಗುಣಲಬ್ಧದ ಮಿತಿ 25, ಭಾಗಗಳು ಐದು ಮತ್ತು ಐದು. ಹುಡುಗನಿಗೆ ಗೊತ್ತಿದ್ದ ಸಮೀಕರಣವೇ ಗೊತ್ತಿಲ್ಲದ ಸತ್ಯವನ್ನು ಹೇಳಿತು. ಹೊಸ ಆಯುಧವೇನೂ ಬೇಕಾಗಲಿಲ್ಲ. ಇದೇ ತಂತ್ರವನ್ನು ಅವರು ಕಠಿಣವಾದ ಸಮಸ್ಯೆಗಳಿಗೂ ಹಿಗ್ಗಿಸಿದರು.

ಈ ಪುಸ್ತಕವನ್ನು 1850ರಲ್ಲಿ ಕಲ್ಕತ್ತೆಯಲ್ಲಿ ಸ್ವಂತ ಖರ್ಚಿನಿಂದ ಅಚ್ಚು ಹಾಕಿಸಿದರು. 'ಕಲ್ಕತ್ತಾ ರಿವ್ಯೂ' ಅದನ್ನು ಹಳಿಯಿತು. ಆದರೆ ಬೆಥೂನ್ ಎಂಬ ಅಧಿಕಾರಿಯ ಮೂಲಕ ಪ್ರತಿಯೊಂದು ಲಂಡನ್ನಿನ ಗಣಿತಜ್ಞ ಅಗಸ್ಟಸ್ ಡಿ ಮಾರ್ಗನ್‌ನ ಕೈಗೆ ಸೇರಿತು. ಡಿ ಮಾರ್ಗನ್ ಹುಟ್ಟಿದ್ದು ಮಧುರೆಯಲ್ಲಿ. ತರ್ಕಶಾಸ್ತ್ರದಲ್ಲಿ ಅವನ ಹೆಸರಿನ ನಿಯಮಗಳನ್ನು ನಮ್ಮ ಪದವಿಪೂರ್ವ ವಿದ್ಯಾರ್ಥಿಗಳು ಇಂದಿಗೂ ಉರು ಹೊಡೆಯುತ್ತಾರೆ. ಕಂಪನಿಯ ನಿರ್ದೇಶಕರಿಗೆ ಅವನು ಈ ಪುಸ್ತಕದ ಮಹತ್ವವನ್ನು ಮನಗಾಣಿಸಿದ. ಅವನ ದೀರ್ಘ ಮುನ್ನುಡಿಯೊಡನೆ 1859ರಲ್ಲಿ ಲಂಡನ್ನಿನಲ್ಲಿ ಮರುಮುದ್ರಣವಾಯಿತು. ರಾಮಚಂದ್ರರಿಗೆ ಖಿಲ್ಲತ್ತೂ ಎರಡು ಸಾವಿರ ರೂಪಾಯಿ ಬಹುಮಾನವೂ ದೊರೆತವು. ಡಿ ಮಾರ್ಗನ್‌ನ ದೃಷ್ಟಿಯಲ್ಲಿ ಇದು ಒಬ್ಬ ವ್ಯಕ್ತಿಯ ಚಾತುರ್ಯಕ್ಕಿಂತ ಹೆಚ್ಚಿನದು. ಒಂದು ದೇಶದ ಬತ್ತಿದ ಗಣಿತಬುದ್ಧಿಯನ್ನು ಅದರದೇ ಮೂಲದಿಂದ ಮತ್ತೆ ಚಿಮ್ಮಿಸುವ ಉಪಾಯವೆಂದು ಅವನು ಅದನ್ನು ಎತ್ತಿ ಹಿಡಿದ.

ಇಷ್ಟಾಗಿಯೂ ಅದು ಪಠ್ಯಪುಸ್ತಕವಾಗಿ ಬೇರೂರಲಿಲ್ಲ. ಕಾರಣ ಹುಡುಕಲು ದೂರ ಹೋಗಬೇಕಿಲ್ಲ: ಪುಸ್ತಕ ಇಂಗ್ಲಿಷಿನಲ್ಲಿತ್ತು. ಉರ್ದುವಿನಲ್ಲಿ ಅಷ್ಟು ಸಮರ್ಥವಾಗಿ ಬರೆಯಬಲ್ಲ ಅಧ್ಯಾಪಕರು ತಮ್ಮ ಅತ್ಯಂತ ಸ್ವದೇಶಿಯಾದ ವಿಚಾರವನ್ನು ಮೆಚ್ಚುಗೆಗಾಗಿ ಕಲ್ಕತ್ತೆಗೂ ಲಂಡನ್ನಿಗೂ ಕಳುಹಿಸಬೇಕಾಯಿತು. ಮೆಚ್ಚುಗೆ ಸಿಕ್ಕಿತು. ಆದರೆ ಶಾಲೆಗಳಲ್ಲಿ ಇಂಗ್ಲೆಂಡಿನ ಪಠ್ಯಕ್ರಮವೇ ನಡೆಯುತ್ತಿರುವಾಗ, ಪರೀಕ್ಷೆಗೆ ಬಾರದ ಆ ದಾರಿಯನ್ನು ಯಾರು ತುಳಿಯಬೇಕು?

ತರಗತಿ ಮಾತ್ರ ಬಂಜೆಯಾಗಲಿಲ್ಲ. ಉರ್ದು ಕಾದಂಬರಿಗೆ ಅಡಿಪಾಯ ಹಾಕಿದ ನಜೀರ್ ಅಹ್ಮದ್, ಉರ್ದು ಸಾಹಿತ್ಯಚರಿತ್ರೆಗೆ ಹೊಸ ರೂಪ ಕೊಟ್ಟ ಮುಹಮ್ಮದ್ ಹುಸೇನ್ ಆಜಾದ್, ಗಣಿತ ವಿಜ್ಞಾನ ಇತಿಹಾಸಗಳಲ್ಲಿ ಪುಸ್ತಕಗಳ ರಾಶಿಯನ್ನೇ ಬರೆದ ಜಕಾವುಲ್ಲಾ, ಮೂವರೂ ಅದೇ ಕಾಲೇಜಿನ ಫಲ. ಇಂಗ್ಲಿಷ್ ಕಲಿಯುವುದಕ್ಕಿಂತ ಮಗ ಸಾಯುವುದೇ ಲೇಸೆಂದು ತಂದೆ ಹೇಳಿದ್ದಾಗಿ ನಜೀರ್ ಅಹ್ಮದ್ ನೆನೆಸಿಕೊಂಡಿದ್ದಾರೆ. ಅಂಥ ಮನೆಯ ಹುಡುಗನೂ ಅರಬ್ಬಿ ವಿಭಾಗದಲ್ಲಿದ್ದುಕೊಂಡೇ ಹೊಸ ಲೋಕವನ್ನು ಕಂಡ. ಅಲ್ಲಿ ಅರಬ್ಬಿ ಕಲಿಸುತ್ತಿದ್ದ ಮೌಲ್ವಿ ಮಮ್ಲೂಕ್ ಅಲಿಯವರ ಶಿಷ್ಯರೇ ಮುಂದೆ ದೇವಬಂದಿನ ಮದರಸಾವನ್ನು ಕಟ್ಟಿದರೆಂಬುದು ಇನ್ನೊಂದು ವಿಚಿತ್ರ. ಒಂದೇ ಅಂಗಳದಿಂದ ಎರಡು ದಿಕ್ಕಿಗೆ ದಾರಿಗಳು ಹೊರಟವು. ಮಿರ್ಜಾ ಗಾಲಿಬ್ ಕೂಡ ಇಲ್ಲಿ ಪಾರ್ಸಿಯ ಅಧ್ಯಾಪಕರಾಗಬೇಕಿತ್ತು; ಸಂದರ್ಶನಕ್ಕೆ ಪಲ್ಲಕ್ಕಿಯಲ್ಲಿ ಬಂದವರು, ಸಾಹೇಬ ಬಾಗಿಲಿಗೆ ಬಂದು ಎದುರುಗೊಳ್ಳಲಿಲ್ಲವೆಂದು ಹಾಗೆಯೇ ಹಿಂತಿರುಗಿದರು. ಹುಡುಗರ ಅದೃಷ್ಟವೋ ದುರದೃಷ್ಟವೋ ಹೇಳಲಾರೆ.

ಈ ಉತ್ಸಾಹಕ್ಕೆ ಮೊದಲ ಪೆಟ್ಟು ಬಿದ್ದದ್ದು 1852ರಲ್ಲಿ. ಆ ವರ್ಷ ರಾಮಚಂದ್ರರೂ ವೈದ್ಯ ಚಿಮ್ಮನ್ ಲಾಲರೂ ಕ್ರೈಸ್ತಮತ ಸ್ವೀಕರಿಸಿದರು. ಅದು ಅವರ ಸ್ವಂತ ಆತ್ಮದ ವಿಷಯ. ಆದರೆ ಊರು ಅದನ್ನು ಕಾಲೇಜಿನ ವಿಷಯವೆಂದೇ ತಿಳಿಯಿತು. ವಿಜ್ಞಾನದ ಹೆಸರಿನಲ್ಲಿ ನಡೆದದ್ದು ಇದೇ ಏನು ಎಂದು ಪೋಷಕರು ಕೇಳಿದರು. ಹಲವರು ಮಕ್ಕಳನ್ನು ಬಿಡಿಸಿಕೊಂಡರು. ತರಗತಿಯ ಕುತೂಹಲ ಮನೆಯವರ ನಂಬಿಕೆಯ ಮೇಲೆ ನಿಂತಿರುತ್ತದೆ ಎಂಬುದನ್ನು ಶಿಕ್ಷಣದ ಚರ್ಚೆಗಳು ಅಷ್ಟಾಗಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ದೆಹಲಿ ಕಾಲೇಜು ಉರ್ದುವಿನಲ್ಲಿ ಗಳಿಸಿದ ನಂಬಿಕೆಗೆ ಒಂದೇ ದಿನದಲ್ಲಿ ಬಿರುಕು ಬಿಟ್ಟಿತು.

1857ರ ಮೇ 11ರಂದು ಮೀರತ್ತಿನ ಸಿಪಾಯಿಗಳು ದೆಹಲಿಗೆ ಬಂದರು. ಚಿಮ್ಮನ್ ಲಾಲರು ಅಂದೇ ಹತರಾದರು. ಪ್ರಾಂಶುಪಾಲ ಟೇಲರ್ ಪ್ರಾಣ ಕಳೆದುಕೊಂಡ. ಅವನಿಗೆ ಸ್ವಲ್ಪ ಕಾಲ ಆಶ್ರಯ ಕೊಟ್ಟಿದ್ದ ಪತ್ರಕರ್ತ ಮೌಲ್ವಿ ಮುಹಮ್ಮದ್ ಬಾಕರ್, ಅಂದರೆ ಆಜಾದರ ತಂದೆ, ಆ ಸಾವಿನ ಆರೋಪ ಹೊತ್ತು ಬ್ರಿಟಿಷರ ಕೈಯಲ್ಲಿ ಮರಣದಂಡನೆಗೆ ಗುರಿಯಾದರು. ಪಾರ್ಸಿಯ ಅಧ್ಯಾಪಕ ಇಮಾಮ್ ಬಖ್ಷ್ ಸಹಬಾಯಿಯವರನ್ನು ಊರು ಮರಳಿ ವಶವಾದಾಗ ಬ್ರಿಟಿಷ್ ಪಡೆ ಗುಂಡಿಕ್ಕಿ ಕೊಂದಿತು. ಕಾಲೇಜಿನ ಗ್ರಂಥಾಲಯ ಲೂಟಿಯಾಯಿತು. ಇಂಗ್ಲಿಷ್ ಪುಸ್ತಕಗಳ ಹಾಳೆಗಳು ತೋಟದಲ್ಲೆಲ್ಲ ಹರಡಿದವು, ಹಸ್ತಪ್ರತಿಗಳು ಅಂಗಡಿಗಳ ಪಾಲಾದವು, ವಿಜ್ಞಾನದ ಉಪಕರಣಗಳು ನುಚ್ಚುನೂರಾದವು.

ತಮ್ಮನೂ ಸೇವಕರೂ ಬಚ್ಚಿಟ್ಟದ್ದರಿಂದ ರಾಮಚಂದ್ರರು ಬದುಕಿದರು. ಬ್ರಿಟಿಷರು ಗೆದ್ದ ಮೇಲೆ ಅವರ ಕೆಲಸಕ್ಕೆಂದೇ ಊರೊಳಗೆ ಓಡಾಡುತ್ತಿದ್ದಾಗ, ಯುವ ಇಂಗ್ಲಿಷ್ ಅಧಿಕಾರಿಗಳು ಮನೆಯೊಂದರಿಂದ ಬಿಲ್ಲಿನಲ್ಲಿ ಮಣ್ಣುಂಡೆ ಹೊಡೆದು ಅವರನ್ನು ಗಾಯಗೊಳಿಸಿದರು. ಮತ್ತೊಮ್ಮೆ ಒಬ್ಬ ತಲೆಗೇ ಹೊಡೆದ. ತಾನು ಕ್ರೈಸ್ತ, ಸರ್ಕಾರದ ನೌಕರ ಎಂದು ಹೇಳಿಕೊಂಡರೂ ಪ್ರಯೋಜನವಾಗಲಿಲ್ಲ. ಅವರು ಅಧಿಕಾರಿಗಳಿಗೆ ದೂರು ಬರೆದರು. ಹತ್ತಿರ ಹತ್ತಿರ ಅದೇ ಕಾಲದಲ್ಲಿ ಲಂಡನ್ನಿನಲ್ಲಿ ಡಿ ಮಾರ್ಗನ್ ಅವರ ಪುಸ್ತಕದ ಮರುಮುದ್ರಣಕ್ಕೆ ಸಿದ್ಧತೆ ನಡೆಸಿದ್ದ. 1858ರಲ್ಲಿ ಕೆಲಕಾಲ ರೂರ್ಕಿಯಲ್ಲಿ ಕಲಿಸಿ, ಬಳಿಕ ದೆಹಲಿಯ ಜಿಲ್ಲಾ ಶಾಲೆಯ ಮುಖ್ಯೋಪಾಧ್ಯಾಯರಾಗಿ, ನಿವೃತ್ತಿಯ ನಂತರ ಪಟಿಯಾಲಾ ಸಂಸ್ಥಾನದ ಶಿಕ್ಷಣವನ್ನು ನೋಡಿಕೊಂಡು 1880ರಲ್ಲಿ ತೀರಿಕೊಂಡರು.

ಕಾಲೇಜು 1864ರಲ್ಲಿ ಮತ್ತೆ ತೆರೆಯಿತು. ಆದರೆ ಈಗ ಪಾಠ ಇಂಗ್ಲಿಷಿನಲ್ಲಿ, ಗುರಿ ಕಲ್ಕತ್ತಾ ವಿಶ್ವವಿದ್ಯಾಲಯದ ಪರೀಕ್ಷೆ. 1877ರಲ್ಲಿ ಅದನ್ನೂ ಮುಚ್ಚಿ ಅಧ್ಯಾಪಕರನ್ನು ಲಾಹೋರಿಗೆ ಕಳುಹಿಸಲಾಯಿತು.

ಉರ್ದುವಿನಲ್ಲಿ ಉನ್ನತ ವಿಜ್ಞಾನ ಮತ್ತೆ ದೊಡ್ಡ ಪ್ರಮಾಣದಲ್ಲಿ ತಲೆಯೆತ್ತಿದ್ದು 1918ರಲ್ಲಿ, ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ. ಅದನ್ನು ಸ್ಥಾಪಿಸಿದ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಅಜ್ಮೇರಿ ದರವಾಜೆಯ ಮದರಸಾ ಕಟ್ಟಿದ ಗಾಜಿಉದ್ದೀನನ ವಂಶದವನೇ. ದೆಹಲಿ ಕಾಲೇಜಿನ ಕನಸು ಅಲ್ಲಿ ಈಡೇರಿತೆಂದು ಉರ್ದು ವಿದ್ವಾಂಸರು ಹಿಗ್ಗುವುದು ಸಹಜ. ಆದರೆ ಬೀದರ, ಕಲಬುರಗಿ, ರಾಯಚೂರುಗಳ ಕನ್ನಡದ ಹುಡುಗನಿಗೆ ಆ ಉರ್ದು ಮನೆಯ ಮಾತಲ್ಲ. ದೆಹಲಿಯಲ್ಲಿ ಕಲಿಯುವವನ ಭಾಷೆ ಎಂಬ ಕಾರಣಕ್ಕೆ ಗೆದ್ದ ಉರ್ದು, ತುಂಗಭದ್ರೆಯ ದಡಕ್ಕೆ ಬರುವಷ್ಟರಲ್ಲಿ ಆಳುವವನ ಭಾಷೆಯಾಗಿತ್ತು. ಬುತ್ರೋನ ವಾದವನ್ನು ಅಲ್ಲಿ ಹೂಡಬೇಕಿದ್ದವರು ಕನ್ನಡದ ಅಧ್ಯಾಪಕರು.

ಜಕಾವುಲ್ಲಾ ದೀರ್ಘಕಾಲ ಬದುಕಿದರು, 1910ರಲ್ಲಿ ತೀರಿಕೊಂಡರು. ಅವರ ಕೊನೆಯ ವರ್ಷಗಳಲ್ಲಿ ದೆಹಲಿಯಲ್ಲಿ ಅಧ್ಯಾಪಕರಾಗಿದ್ದ ಸಿ. ಎಫ್. ಆಂಡ್ರೂಸ್ ಅವರ ಬಳಿ ಹೋಗಿ ಕುಳಿತು ಹಳೆಯ ದಿನಗಳ ಮಾತು ಕೇಳುತ್ತಿದ್ದರು; ಮುಂದೆ ಅವರ ಜೀವನಚರಿತ್ರೆಯನ್ನೂ ಬರೆದರು. ಜೀವನವಿಡೀ ದೇಶಭಾಷೆಯಲ್ಲೇ ಕಲಿಸಬೇಕೆಂದು ವಾದಿಸಿ, ಆ ವಾದ ಸೋಲುವುದನ್ನು ಕಣ್ಣಾರೆ ಕಂಡಿದ್ದ ಮುದುಕರು ಅವರು. ಆದರೆ ವಿಜ್ಞಾನದ ತರಗತಿಯ ಮಾತು ಬಂತೆಂದರೆ ಅವರಿಗೆ ಎಲ್ಲಿಲ್ಲದ ಲವಲವಿಕೆ ಬರುತ್ತಿತ್ತಂತೆ. ಪಾಠ ಮುಗಿದ ಮೇಲೆ ಟಿಪ್ಪಣಿಗಳನ್ನು ಮತ್ತೆ ಮತ್ತೆ ಓದಿ, ಕೈಯಿಂದ ಕೈಗೆ ಸಾಗಿಸಿ ಪ್ರತಿ ಮಾಡಿಕೊಳ್ಳುತ್ತಿದ್ದುದನ್ನು ಅವರು ಅರವತ್ತು ವರ್ಷಗಳ ಮೇಲೆ ಆ ಇಂಗ್ಲಿಷ್ ಗೆಳೆಯನಿಗೆ ಹೇಳಿದರು.